ನಲವತ್ತೆರಡು ಕೇಜಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಪ್ರಜ್ವಲ್ ತೂಕದ ಯಂತ್ರವನ್ನು ಮಂಚದ ಕೆಳಗಿನಿಂದ ಎಳೆದು ನಡುಮನೆಗೆ ತರುತ್ತಿದ್ದ. ನೆಲ ಎಲ್ಲಿ ಮಟ್ಟವಾಗಿದೆಯೆಂದು ಮೊದಲೇ ನೋಡಿ, ಆ ಟೈಲ್ಸಿನ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆದಿದ್ದ. ಯಂತ್ರ ಆ ಚೌಕದೊಳಗೇ ಕೂರಬೇಕು. ಅವ್ವ ಹಾಲು ಕುಡಿಯುವ ಮೊದಲು, ಬಚ್ಚಲಿಗೆ ಹೋಗಿಬಂದ ಮೇಲೆ, ಬಳೆ ತೆಗೆದು, ಅದರ ಮೇಲೆ ನಿಲ್ಲಬೇಕು.

ಸೂರತ್ತಿನ ಕತಾರ್‌ಗಾಮಿನ ವಜ್ರದ ಕಾರ್ಖಾನೆಯಲ್ಲಿ ಎಂಟು ವರ್ಷ ತಿರುಗುವ ಚಕ್ರದ ಮುಂದೆ ಕೂತು ಹರಳು ತಿಕ್ಕಿದವನು ಅವನು. ಅಲ್ಲಿ ಹರಳು ಕೊಡುವಾಗಲೂ ತೂಕ, ವಾಪಸು ತೆಗೆದುಕೊಳ್ಳುವಾಗಲೂ ತೂಕ. ಸಾಸಿವೆಯ ಸಿಪ್ಪೆಯಷ್ಟು ಹೆಚ್ಚುಕಡಿಮೆಯಾದರೂ ಮೇಲಿನವನು ಎಲ್ಲರೆದುರು ನಿಲ್ಲಿಸಿ ಮಾತಾಡುತ್ತಿದ್ದ. ಅವ್ವ ಹಾಸಿಗೆ ಹಿಡಿದ ಮೇಲೆ ಆ ಕೆಲಸ ಬಿಟ್ಟು ಉಧ್ನಾದ ಮನೆ ಸೇರಿ ಮೂರು ತಿಂಗಳಾಗಿತ್ತು. ಕೆಲಸ ಬಿಟ್ಟರೂ ತೂಕದ ಚಟ ಬಿಟ್ಟಿರಲಿಲ್ಲ.

"ನಿಂದರು ಅವ್ವಾ. ಅಲುಗಾಡಬ್ಯಾಡ."

"ಗಾಳಿಗೆ ಅಲುಗಾಡಾಕತ್ತೀನಪ್ಪ. ನಾ ಏನ್ ಮಾಡ್ಲಿ?"

ಪ್ರಜ್ವಲ್ ಎದ್ದು ಫ್ಯಾನು ಬಂದ್ ಮಾಡಿದ. ಯಂತ್ರ ಮೂವತ್ತಾರು ಪಾಯಿಂಟ್ ಎಂಟು ತೋರಿಸಿತು. ಹಿಂದಿನ ವಾರ ಮೂವತ್ತೇಳು ದಾಟಿತ್ತು.

ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿ ಬರೆದ. ಪೆನ್ನಿನ ಮೊನೆ ಕಾಗದ ತೂತು ಮಾಡಿತು. "ಇಳದೈತಿ. ಮತ್ತ ಇಳದೈತಿ. ನೀ ಉಗುಳಾಕತ್ತೀಯೇನು? ಖರೇ ಹೇಳು."

"ಇಲ್ಲೋ. ಎಲ್ಲಾ ನುಂಗೀನಿ."

ತಂದೆ ಸತ್ಯಪ್ರಕಾಶ ಬಾಗಿಲ ಬಳಿ ನಿಂತು ಟವಲು ಮಡಚುತ್ತಿದ್ದರು. ರೈಲ್ವೆಯ ಸಿಗ್ನಲ್ ಖಾತೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಗದಗಿನಿಂದ ಹೊರಟವರು ಸೂರತ್ತಿನಲ್ಲೇ ಬೇರು ಬಿಟ್ಟಿದ್ದರು. ಆ ಟವಲು ಆಗಲೇ ಮೂರು ಸಲ ಮಡಚಿದ್ದಾಗಿತ್ತು.

ನಲವತ್ತೆರಡು ಕೇಜಿ ಮುಟ್ಟಬೇಕು. ಮುಟ್ಟಿದರೆ ಮುಂದಿನ ಕಿಮೋ. ಅಣ್ಣ ಅಜಯ್ ಅಹಮದಾಬಾದಿನ ದೊಡ್ಡಾಸ್ಪತ್ರೆಯಿಂದ ಅವ್ವನನ್ನು ಕರೆತಂದ ದಿನ ಹೇಳಿದ್ದು ಅಷ್ಟೇ. ವಡೋದರಾ ಬಳಿಯ ಕೊಯಾಲಿಯ ರಿಫೈನರಿಯಲ್ಲಿ ಅಧಿಕಾರಿಯಾಗಿದ್ದ ಅಜಯ್‌ನಿಗೆ ಡಾಕ್ಟರುಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಬರುತ್ತಿತ್ತು. ಉಧ್ನಾದ ಗುಜರಾತಿ ಶಾಲೆಯಲ್ಲಿ ಎಂಟನೆಯ ಇಯತ್ತೆಗೇ ಚೀಲ ಎಸೆದ ಪ್ರಜ್ವಲ್‌ಗೆ ಬರುತ್ತಿರಲಿಲ್ಲ. ನೀಲಿ ಫೈಲು ಕೈಗೆ ಕೊಡುವಾಗ ಅಜಯ್, "ಇದನ್ನ ಓದಾಕ ಹೋಗಿ ತಲಿ ಕೆಡಿಸ್ಕೋಬ್ಯಾಡ. ಎಲ್ಲಾ ಇಂಗ್ಲಿಷಿನ್ಯಾಗ ಐತಿ. ನೀ ಅವ್ವಗ ಉಣಿಸು, ಉಳಿದದ್ದು ನನಗ ಬಿಡು" ಎಂದಿದ್ದ.

ಪ್ರಜ್ವಲ್ ಉಣಿಸಿದ. ಬೆಳಿಗ್ಗೆ ಜೋಳದ ಅಂಬಲಿ, ಹತ್ತಕ್ಕೆ ಹಾಲಿನಲ್ಲಿ ಕದಡಿದ ಪ್ರೋಟೀನು ಪುಡಿ, ಮಧ್ಯಾಹ್ನ ಕಿವುಚಿದ ಅನ್ನಕ್ಕೆ ತುಪ್ಪ, ನಾಲ್ಕಕ್ಕೆ ಬಾಳೆಹಣ್ಣು, ಆರಕ್ಕೆ ಶ್ರೀಖಂಡ, ರಾತ್ರಿ ಮತ್ತೆ ಅಂಬಲಿ. ತೂಕ ಇಳಿದ ಆ ಭಾನುವಾರ ಇದಕ್ಕೆ ಏಳನೆಯದೊಂದು ಸೇರಿಸಿದ. ಅವ್ವ ಬಾಯಿ ಮುಚ್ಚಿದರೆ ಗಲ್ಲ ಹಿಡಿದು ತೆರೆಸುತ್ತಿದ್ದ. ಒಮ್ಮೆ ಚಿಕ್ಕ ಮಗುವಿಗೆ ಮಾಡುವಂತೆ ಮೂಗು ಹಿಡಿದೂ ಕುಡಿಸಿದ್ದ.

"ಒಂದ ಚಮಚಾ, ಅವ್ವಾ. ಇದೊಂದ."

"ಹಿಂದಿಂದೂ ಒಂದ ಅಂದಿದ್ದಿ."

"ಅದು ಹಿಂದಿಂದು. ಇದು ಇದು."

ಅವ್ವ ಹೇಮಲತಾ ನಗುತ್ತಿದ್ದಳು. ನಗುತ್ತಲೇ ನುಂಗುತ್ತಿದ್ದಳು. ಅವನು ಪಾತ್ರೆ ತೊಳೆಯಲು ಒಳಗೆ ಹೋದೊಡನೆ ಸತ್ಯಪ್ರಕಾಶ ಬಂದು ಅವಳ ಬಾಯಿಗೆ ಟವಲು ಒಡ್ಡುತ್ತಿದ್ದರು. ಆ ಮನೆಯಲ್ಲಿ ಇಷ್ಟೊಂದು ಟವಲು ಏಕೆ ಒಗೆಯುತ್ತಾರೆಂದು ಪ್ರಜ್ವಲ್ ಯೋಚಿಸಿರಲಿಲ್ಲ.

ಅಜಯ್ ಅವನಿಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದ. ಅವ್ವನಿಗೆ ಕ್ಯಾನ್ಸರ್ ಎಂದು ಗೊತ್ತಾಗಬಾರದು. ಹೊಟ್ಟೆಯಲ್ಲಿ ಹುಣ್ಣು ಅಂತ ಹೇಳಬೇಕು. ಔಷಧದ ಡಬ್ಬಿ ಮನೆಗೆ ಬಂದೊಡನೆ ಪ್ರಜ್ವಲ್ ಬ್ಲೇಡು ತೆಗೆದುಕೊಂಡು, ಹರಳಿನ ಮೂಲೆ ತಿಕ್ಕುವಷ್ಟು ನಾಜೂಕಾಗಿ ಅದರ ಚೀಟಿ ಕೆರೆದು ತೆಗೆಯುತ್ತಿದ್ದ. ಶನಿವಾರ ಬಂದಿದ್ದ ಅಣ್ಣನ ಮಗಳು ಅದಿತಿ ಒಮ್ಮೆ ಅಜ್ಜಿಯ ಎದುರೇ, "ಕಾಕಾ, ಅಜ್ಜಿ ಕೋ ಕ್ಯಾನ್ಸರ್ ಹೈ ನಾ?" ಎಂದುಬಿಟ್ಟಾಗ, ಹನ್ನೆರಡು ವರ್ಷದ ಆ ಹುಡುಗಿಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗಿದ್ದ. ಹುಡುಗಿ ಅತ್ತಿತ್ತು. ಅಂದು ಅತ್ತಿಗೆ ಮನಸ್ವಿನಿ ಊಟ ಬಿಟ್ಟಿದ್ದಳು.

ಮುಂದಿನ ಭಾನುವಾರ ಅವ್ವ ನೈಟಿ ಬೇಡವೆಂದು ಹಠ ಹಿಡಿದಳು.

"ವಾರಕ್ಕೊಮ್ಮೆರ ಸೀರಿ ಉಡ್ತೀನಿ. ಸಾಯೂ ಮುಂದ ನೈಟಿ ಮ್ಯಾಲ ಸಾಯ್ಬೇಕೇನು?"

"ಅಂಥಾ ಮಾತು ಯಾಕ ಆಡ್ತಿ? ಉಡು. ಆದ್ರ ಮೊದಲ ಸೀರಿ ಕೊಡು."

ಸೀರೆ, ಲಂಗ, ಕುಪ್ಪಸ ಮೂರನ್ನೂ ಗಂಟು ಕಟ್ಟಿ ಯಂತ್ರದ ಮೇಲಿಟ್ಟು ತೂಗಿದ. ಎಂಟುನೂರು ಗ್ರಾಂ. ಅದನ್ನು ಕಳೆಯಬೇಕೆಂದು ಕ್ಯಾಲೆಂಡರಿನಲ್ಲಿ ಬರೆದುಕೊಂಡ. ಸತ್ಯಪ್ರಕಾಶ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋಗಿ ಸೀರೆ ಉಡಿಸಿದರು. ಬರುವಾಗ ಅವಳು ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು, ತುಂಬಿದ ಕೊಡ ಹೊತ್ತವಳಂತೆ ನಿಧಾನ ನಡೆದು ಬಂದಳು.

ಬಟ್ಟೆ ಕಳೆದು ಮೂವತ್ತೇಳು ಪಾಯಿಂಟ್ ಎರಡು.

"ಅಪ್ಪಾ! ನೋಡಿಲ್ಲಿ! ಏರೇತಿ!"

"ಏರೇತೇನು? ಛಲೋ ಆತು" ಎಂದರು ಸತ್ಯಪ್ರಕಾಶ, ಕಿಟಕಿಯ ಕಡೆ ನೋಡುತ್ತ.

ಇನ್ನೆರಡು ವಾರಕ್ಕೆ ಮೂವತ್ತೆಂಟು ಆಯಿತು. ಪ್ರಜ್ವಲ್ ಕೆಳಗಿಳಿದು ಓಡಿಹೋಗಿ ಬಿಸಿ ಜಲೇಬಿ, ಫಾಫಡಾ ಕಟ್ಟಿಸಿಕೊಂಡು ಬಂದ. ಎದುರು ಮನೆಗೆ ಕೊಟ್ಟ. ವಾಚ್‌ಮನ್ನಿಗೂ ಕೊಟ್ಟ. ಕೊಯಾಲಿಗೆ ಫೋನು ಮಾಡಿ, "ಅಣ್ಣಾ, ಹಿಂಗ ಏರಿದ್ರ ದೀಪಾವಳಿಗೆ ನಲವತ್ತೆರಡು. ಅಹಮದಾಬಾದಿಗೆ ಹೇಳಿ ತಾರೀಖು ತಗೊಂಡಿಡು" ಎಂದ.

ಆ ಕಡೆಯಿಂದ ಅಜಯ್, "ನೋಡೂಣಂತ" ಎಂದ.

ಮಂಗಳವಾರ, ಶುಕ್ರವಾರ ಒಂದು ಸಂಸ್ಥೆಯ ಬಿಳಿ ವ್ಯಾನಿನಲ್ಲಿ ಭಾವನಾಬೆನ್ ಎಂಬ ನರ್ಸು ಬರುತ್ತಿದ್ದಳು; ಅವ್ವನನ್ನು ಗುಜರಾತಿಯಲ್ಲಿ ‘ಬಾ’, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು. ಕಿಮೋ ಕೊಡುವ ಮೊದಲು ಮನೆಗೆ ಬಂದು ಶಕ್ತಿ ಬರಿಸುವ ಮಂದಿ ಅವರು ಎಂದು ಅಜಯ್ ಹೇಳಿದ್ದ. ಅವಳು ಬಂದು ಕೂತ ಆ ಒಂದು ಗಂಟೆಯೇ ಪ್ರಜ್ವಲ್‌ಗೆ ಬಿಡುವು. ಕಾಯಿಪಲ್ಲೆಗೆ ಹೋಗಿಬರುತ್ತಿದ್ದ. ಹೀಗಾಗಿ ಅವಳು ಅವ್ವ-ಅಪ್ಪನ ಜೊತೆ ಏನು ಮಾತಾಡುತ್ತಾಳೆ ಎಂದು ಅವನು ಕೇಳಿದ್ದೇ ಇಲ್ಲ.

ಜಲೇಬಿ ತಂದ ವಾರದ ಶುಕ್ರವಾರ ಭಾವನಾಬೆನ್ ರಜೆಯಲ್ಲಿದ್ದಳು. ಬದಲಿಗೆ ಹೊಸ ಹುಡುಗಿಯೊಬ್ಬಳು ಅರ್ಧ ಗಂಟೆ ಮೊದಲೇ ಬಂದಳು. ಪ್ರಜ್ವಲ್ ಅವ್ವನ ಬಾಯಿಗೆ ಬಾಳೆಹಣ್ಣು ತುರುಕುತ್ತಿದ್ದ. ಹುಡುಗಿ ಅವನ ಕೈ ಹಿಡಿದು ನಿಲ್ಲಿಸಿದಳು.

"ಭಾಯ್, ಇದೇನು ಮಾಡುತ್ತಿದ್ದೀರಿ? ಬಾ ಬೇಡ ಅಂದರೆ ಕೊಡಬಾರದು ಅಂತ ನಿಮಗೆ ಯಾರೂ ಹೇಳಿಲ್ಲವೇ?" ಎಂದು ಗುಜರಾತಿಯಲ್ಲಿ ಕೇಳಿದಳು.

"ತೂಕ ಏರಬೇಕು. ಕಿಮೋ ಇದೆ."

ಹುಡುಗಿ ಸತ್ಯಪ್ರಕಾಶರ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು. ಅವಳು ಚೀಲದಿಂದ ಒಂದು ಹಾಳೆ ತೆಗೆದು, "ಗುಜರಾತಿ ಓದಲು ಬರುತ್ತದಲ್ಲವೇ? ಮನೆಯವರಿಗೆ ಕೊಡುವುದು ಇದು" ಎಂದು ಪ್ರಜ್ವಲ್ ಕೈಗಿತ್ತಳು.

ದಪ್ಪ ಅಕ್ಷರ. ಎಂಟನೆಯ ಇಯತ್ತೆ ಸಾಕಿತ್ತು. ಮೇಲೆ ಹೀಗಿತ್ತು: ನಿಮ್ಮವರ ಕೊನೆಯ ವಾರಗಳಲ್ಲಿ ನೀವು ಏನು ಮಾಡಬಹುದು. ಕೆಳಗೆ: ರೋಗ ವಾಸಿ ಮಾಡುವ ಚಿಕಿತ್ಸೆ ನಿಂತ ಮೇಲೆ ನೋವು ಕಡಿಮೆ ಮಾಡುವುದೇ ನಮ್ಮ ಕೆಲಸ. ಅದರ ಕೆಳಗೆ: ಒತ್ತಾಯ ಮಾಡಿ ಉಣಿಸಬೇಡಿ. ದೇಹಕ್ಕೆ ಈಗ ಅನ್ನ ಬೇಕಿಲ್ಲ. ಒತ್ತಾಯದಿಂದ ಅವರಿಗೆ ಸಂಕಟವಾಗುತ್ತದೆ.

ಅವನು ಹಾಳೆ ಎರಡು ಸಲ ಓದಿದ. ಬಾಳೆಹಣ್ಣಿನ ಬಟ್ಟಲು ಕೈಯಲ್ಲೇ ಇತ್ತು.

"ಚಿಕಿತ್ಸೆ ಯಾವಾಗ ನಿಂತಿತು?"

"ನಾಲ್ಕು ತಿಂಗಳಾಯಿತಲ್ಲ. ಫೈಲಿನಲ್ಲಿ ಬಾ ಅವರದೇ ಸಹಿ ಇದೆ."

ನೀಲಿ ಫೈಲು ತಂದು ಅವಳ ಮುಂದೆ ಎಸೆದ. ಹುಡುಗಿ ಹೆದರಿ ಪುಟ ತಿರುವಿ ತೋರಿಸಿದಳು. ಇಂಗ್ಲಿಷು ಪುಟದ ಕೆಳಗೆ ಕನ್ನಡದಲ್ಲಿ ದುಂಡಗೆ, ಹೇಮಲತಾ. ಪಕ್ಕದಲ್ಲಿ ಅಜಯ್. ಅದರ ಪಕ್ಕ ಸತ್ಯಪ್ರಕಾಶ. ಮೂರು ತಿಂಗಳಿಂದ ಅವನ ತಲೆದಿಂಬಿನ ಬಳಿಯೇ ಇದ್ದ ಫೈಲು.

"ಅಪ್ಪಾ, ಇದೇನಿದು?"

"ಅಜಯ್ ಬರ್ಲಿ. ನಾಳೆ ಬರ್ತಾನ."

"ಅಜಯ್ ಬರ್ಲಿ ಅಂದ್ರ? ನಿನಗ ಬಾಯಿಲ್ಲೇನು?"

ಸತ್ಯಪ್ರಕಾಶ ಟವಲು ತೆಗೆದುಕೊಂಡು ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಬರುತ್ತಿತ್ತು.

ಶನಿವಾರ ಮಧ್ಯಾಹ್ನ ಅಜಯ್ ಹೆಂಡತಿ ಮಗಳೊಡನೆ ವಡೋದರಾದಿಂದ ಬಂದಿಳಿದ. ಪ್ರಜ್ವಲ್ ಎಂದಿನಂತೆ ರೊಟ್ಟಿ ಬಡಿದಿದ್ದ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದ. ಎಲ್ಲರಿಗೂ ತಾಟು ಹಾಕಿದ. ಅಜಯ್ ಮೊದಲ ತುತ್ತು ಮುರಿದೊಡನೆ ಆ ಗುಜರಾತಿ ಹಾಳೆಯನ್ನು ಅವನ ತಾಟಿನ ಮೇಲೆ, ಎಣ್ಣೆಗಾಯಿಯ ಮೇಲೆಯೇ ಇಟ್ಟ.

"ಓದು. ಶಾಣ್ಯಾ ಅದೀಯಲ್ಲ, ಓದಿ ಹೇಳು ನನಗ."

ಅಜಯ್ ಕೈ ತೊಳೆಯದೆ ಕೂತ. "ಪ್ರಜ್ಜು, ಸ್ವಲ್ಪ ಸಮಾಧಾನದಿಂದ..."

"ನಲವತ್ತೆರಡು ಕೇಜಿ ಅಂತ ಯಾವ ಡಾಕ್ಟ್ರು ಹೇಳಿದ್ರು? ಹೆಸರ ಹೇಳು."

"ಯಾರೂ ಹೇಳಿಲ್ಲ."

"ಮತ್ತ?"

"ನೀ ದಿನಾ ಫೋನ್ ಮಾಡಿ ಕಿಮೋ ಯಾವಾಗ, ಕಿಮೋ ಯಾವಾಗ ಅಂತ ತಲಿ ತಿಂತಿದ್ದಿ. ಬಾಯಿಗೆ ಬಂದದ್ದೊಂದು ನಂಬರ್ ಹೇಳಿದೆ. ಮುಟ್ಟಲಾರದಂಥಾದ್ದು ಇರ್ಲಿ ಅಂತ..."

"ಬಾಯಿಗೆ ಬಂದದ್ದು!" ಪ್ರಜ್ವಲ್ ನಕ್ಕ. ಆ ನಗುವಿಗೆ ಅದಿತಿ ತಾಯಿಯ ಬೆನ್ನ ಹಿಂದೆ ಸರಿದಳು. "ನಿನ್ನ ಬಾಯಿಗೆ ಬಂದದ್ದನ್ನ ನಾ ಅಕಿ ಬಾಯಿಗೆ ತುರುಕೀನೋ! ಅಕಿ ಮೂಗು ಹಿಡದೀನಿ! ಗಲ್ಲ ಹಿಡದೀನಿ! ಮೂರು ತಿಂಗಳು!"

"ಅವ್ವಗ ಬ್ಯಾಡಾಗಿದ್ರ ಅವ್ವ ಹೇಳ್ತಿದ್ಳು..."

"ಡಬ್ಬಿ ಮ್ಯಾಲಿನ ಚೀಟಿ ಕೆರಿ ಅಂದಿ. ಕೆರದೆ. ಸಹಿ ಹಾಕಿದಾಕಿಗೆ ಗೊತ್ತಾಗಬಾರದು ಅಂತ ನನ್ನ ಕಡೆಯಿಂದ ಚೀಟಿ ಕೆರಸ್ತೀಯಲ್ಲೋ, ನಿನಗ ನಗಿ ಬರ್ತಿತ್ತೇನು? ಕೊಯಾಲಿಗೆ ಹೋಗಿ ಇಬ್ಬರೂ ಕೂಡಿ ನಕ್ಕಿರೇನು?"

"ನಿನಗ ಕೈಯಾಗ ಒಂದು ಕೆಲಸ ಇರ್ಲಿ ಅಂತ..." ಎಂದಳು ಮನಸ್ವಿನಿ ಮೆಲ್ಲಗೆ. "ಇಲ್ಲಂದ್ರ ನೀ ಸುಮ್ನ ಕೂಡಾಂವ ಅಲ್ಲ."

"ವೈನಿ, ನೀವು ಸುಮ್ನಿರ್ರಿ. ಶನಿವಾರ ಬಂದು ಐತವಾರ ಹೋಗೂ ಮಂದಿ ನೀವು."

"ಮತ್ತ ಈ ಮನ್ಯಾಗ ನಿನ್ನ ಕೂಡ ಮಾತಾಡೋದು ಹೆಂಗ ಅಂತ ನೀನ ಹೇಳು" ಎಂದು ಅಜಯ್ ದನಿ ಏರಿಸಿದ. "ಅಹಮದಾಬಾದಿನ್ಯಾಗ ಏನ್ ಮಾಡಿದಿ? ಮೊದಲ ಸಲ ಡಾಕ್ಟ್ರು ಹರಡೇತಿ ಅಂದದ್ದಕ್ಕ ಕೌಂಟರಿನ ಕಾಚು ಒಡದಿ. ಪೊಲೀಸರನ್ನ ಕರಿಯೂದೊಂದು ಬಾಕಿ ಇತ್ತು!"

"ಅದಕ್ಕ? ಅದಕ್ಕ ನಾ ಮಗ ಅಲ್ಲೇನು?"

"ಅಜ್ಯಾ, ಅವಂಗ ಬೈಬ್ಯಾಡ. ನಾನ ಹೇಳಬ್ಯಾಡ್ರಿ ಅಂದಾಕಿ."

ದನಿ ಒಳಗಿನ ಮಂಚದಿಂದ ಬಂದಿತ್ತು. ಪ್ರಜ್ವಲ್ ಬಾಗಿಲಲ್ಲಿ ಹೋಗಿ ನಿಂತ. ಹೇಮಲತಾ ದಿಂಬಿಗೆ ಒರಗಿ ಕೂತಿದ್ದಳು. ಇಷ್ಟು ಜನ ಕೂಗಾಡುವಾಗಲೂ ಅವಳ ಕೈ ಹೊದಿಕೆಯ ಸುಕ್ಕು ತೀಡುತ್ತಿತ್ತು.

"ಅವತ್ತ ಕಾಚು ಒಡದಿ. ನಿನ್ನ ಕೈಗೆ ಏಳು ಹೊಲಿಗಿ ಬಿದ್ವು. ಇವರಿಬ್ರೂ ನಿನ್ನ ಹಿಂದ ಓಡಿದ್ರು. ನಾ ಗಾಲಿ ಕುರ್ಚಿ ಮ್ಯಾಲ ಆ ಪ್ಯಾಸೇಜಿನ್ಯಾಗ ಒಬ್ಬಾಕೀನ ಎರಡು ತಾಸು ಕುಂತಿದ್ದೆ. ನೀರು ಕೇಳಾಕೂ ಒಬ್ರಿಲ್ಲ. ಅವತ್ತ ಅನ್ಕೊಂಡೆ, ಇನ್ನ ಮುಂದ ಇವಂಗ ಏನೂ ಹೇಳೂದು ಬ್ಯಾಡ ಅಂತ."

"ಒಂದು ಸಲ ಒಡದದ್ದಕ್ಕ..."

"ನಿನಗ ಹೇಳಿದ್ರ ನೀ ನನ್ನ ಮತ್ತ ಅಲ್ಲಿಗೆ ಎಳಕೊಂಡು ಹೋಗ್ತಿದ್ದಿ. ಮತ್ತ ಸೂಜಿ, ಮತ್ತ ವಾಂತಿ. ನನಗ ಸಾಕಾಗಿತ್ತೋ."

"ಸಾಕಾಗಿತ್ತು ಅಂತ ನನಗ ಹೇಳ್ಬೇಕಿತ್ತು! ಇವರಿಗೆ ಹೇಳಿದಿ, ಅವರಿಗೆ ಹೇಳಿದಿ. ವ್ಯಾನಿನ್ಯಾಗ ಬರೂ ಹುಡುಗಿಗೂ ಗೊತ್ತೈತಿ. ನಿನ್ನ ಹೇಲು ಉಚ್ಚಿ ಬಳಿಯಾಂವಗ ಗೊತ್ತಿಲ್ಲ!"

"ನೀನೂ ನನಗ ಹುಣ್ಣು ಅಂತ ಹೇಳಿದಿ. ನಾ ಏನರ ಅಂದ್ನೇನು?"

ಪ್ರಜ್ವಲ್ ಅಪ್ಪನ ಕಡೆ ತಿರುಗಿದ. ಅಣ್ಣನ ಕಡೆ ತಿರುಗಿದ. ಕೊನೆಗೆ ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ಎಲ್ಲರ ಮುಂದೆ ಹಿಡಿದ.

"ಎಲ್ಲಾರೂ ಕೂಡಿ ಇಕೀನ ಸಾಯಾಕ ಬಿಟ್ರಿ. ಆದ್ರ ಇದನ್ನ ನೋಡ್ರಿ. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು. ಏರಾಕತ್ತೇತಿ! ನಿಮ್ಮ ಡಾಕ್ಟ್ರಿಗೆ ಏನ್ ಗೊತ್ತೈತಿ? ಸಾಯೂ ಮಂದಿ ತೂಕ ಏರ್ತೈತೇನು? ಏರ್ತೈತೇನು, ಹೇಳ್ರಿ!"

ಅಜಯ್ ಕೂಡ ಕ್ಯಾಲೆಂಡರನ್ನು ಬೆಪ್ಪಾಗಿ ನೋಡಿದ; ಈ ಸಂಗತಿ ಅವನಿಗೂ ಅರ್ಥವಾಗಿರಲಿಲ್ಲ.

ಸತ್ಯಪ್ರಕಾಶ ಎದ್ದರು. ಕಪಾಟಿನ ಕೆಳಗಿನ ಖಾನೆ ತೆರೆದು, ಎರಡೂ ಕೈಯಲ್ಲಿ ಏನೋ ಹಿಡಿದುಕೊಂಡು ಬಂದರು. ಮಂಚದ ಕೆಳಗಿನಿಂದ ಯಂತ್ರವನ್ನು ಕಾಲಿನಿಂದ ಎಳೆದು ನಡುಮನೆಯ ಚೌಕದೊಳಗೆ ಇಟ್ಟರು. ಅದರ ಮೇಲೆ ಮೊದಲು ಒಂದು ಹಿತ್ತಾಳೆಯ ಬೀಗ ಇಟ್ಟರು. ನಿವೃತ್ತಿಯ ದಿನ ಜೊತೆಗಾರರು ನೆನಪಿಗೆಂದು ಕೊಟ್ಟ ಹಳೆಯ ರೈಲ್ವೆ ಬೀಗ. ಒಂದು ಪಾಯಿಂಟ್ ಎರಡು. ಅದರ ಪಕ್ಕ ಒಂದು ಕಬ್ಬಿಣದ ತೂಕದ ಕಲ್ಲು ಇಟ್ಟರು. ಎರಡು ಪಾಯಿಂಟ್ ಎರಡು.

"ಕಲ್ಲು ಕೆಳಗಿನ ಕಾಯಿಪಲ್ಲೆಯಾಂವಂದು" ಎಂದರು. "ವಾಪಸ್ ಕೊಡಬೇಕು."

ಕೈಯಲ್ಲಿದ್ದ ಬಟ್ಟೆಯ ಚೀಲವನ್ನೂ ತೋರಿಸಿದರು. ಸೊಂಟಕ್ಕೆ ಕಟ್ಟಿಕೊಳ್ಳಲು ಎರಡು ಲಾಡಿ. ಅವರೇ ಹೊಲಿದದ್ದು, ಹೊಲಿಗೆ ಸೊಟ್ಟಗಿತ್ತು.

"ತೂಕ ಇಳದ ದಿನ ನೀ ಏಳನೇದು ಸುರು ಮಾಡಿದಿ" ಎಂದರು. "ಅಕೀಗೆ ತಡಕೊಳ್ಳಾಕ ಆಗ್ತಿದ್ದಿಲ್ಲ. ಏರಿದ್ರ ನೀ ಖುಷಿ ಇರ್ತಿದ್ದಿ. ಕಡಿಮಿ ತುರುಕತಿದ್ದಿ."

ಹೊರಗೆ ಗೂಡ್ಸ್ ಗಾಡಿಯೊಂದು ಉಧ್ನಾ ಯಾರ್ಡಿಗೆ ಹೊರಳಿತು. ವಜ್ರದ ತೂಕದಲ್ಲಿ ಎಂದೂ ಮೋಸ ಹೋಗದ ಪ್ರಜ್ವಲ್ ಆ ಬೀಗ ಎತ್ತಿ ಕೈಯಲ್ಲಿ ಹಿಡಿದು ನೋಡಿದ. ಯಂತ್ರದ ಮೇಲೆ ವಾಪಸಿಟ್ಟ. ಕ್ಯಾಲೆಂಡರ್ ಹರಿಯಲಿಲ್ಲ. ಗಾಜು ಒಡೆಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದ.

ಮೂರು ದಿನ ಕತಾರ್‌ಗಾಮಿನಲ್ಲಿ ಜೊತೆಯ ಕೆಲಸಗಾರ ಹಿತೇಶನ ಕೋಣೆಯಲ್ಲಿದ್ದ. ಅಪ್ಪ ಮಾಡಿದ ಫೋನು ಎತ್ತಲಿಲ್ಲ. ಅಣ್ಣನ ನಂಬರನ್ನು ಫೋನಿನಿಂದಲೇ ತೆಗೆದುಹಾಕಿದ. ಕಾರ್ಖಾನೆಗೆ ಹೋಗಿ ಖಾಲಿ ಜಾಗವಿದೆಯೇ ಎಂದು ಕೇಳಿಯೂ ಬಂದ. ಮಂಗಳವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಭಾವನಾಬೆನ್.

"ಪ್ರಜ್ವಲ್‌ಭಾಯ್, ನಿಮ್ಮಣ್ಣ ನನಗೆ ಹೇಳಿದ್ದು ಬೇರೆ. ತಮ್ಮನಿಗೆ ಎಲ್ಲ ಗೊತ್ತು, ಅವನೆದುರು ಮಾತ್ರ ಆ ಸುದ್ದಿ ತೆಗೆಯಬೇಡಿ ಅಂದಿದ್ದರು. ನಾನು ನಿಮ್ಮನ್ನೇ ಕೇಳಬೇಕಿತ್ತು, ತಪ್ಪಾಯಿತು."

ಅವನು ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಅವರು ವಡೋದರಾಕ್ಕೆ ಹೋದರು, ಡ್ಯೂಟಿ ಇದೆಯಂತೆ. ನಿಮ್ಮ ಬಾಪೂಜಿಯ ಸೊಂಟ ಹಿಡಿದಿದೆ. ಬಾ ಮೂರು ದಿನದಿಂದ ಸ್ನಾನ ಮಾಡಿಲ್ಲ. ನನ್ನೊಬ್ಬಳಿಗೆ ಎತ್ತಲು ಆಗುವುದಿಲ್ಲ. ಬೈಯುವುದಿದ್ದರೆ ಬಂದು ಎತ್ತಿಕೊಟ್ಟು ಆಮೇಲೆ ಬೈಯಿರಿ."

ಪ್ರಜ್ವಲ್ ಬಂದ. ಅಪ್ಪ ಬಾಗಿಲು ತೆಗೆದರು. "ಉಂಡೀಯೇನು?" ಎಂದರು. ಅವನು ಅವರ ಪಕ್ಕದಿಂದ ಒಳಗೆ ನಡೆದ. ಕಾಯಿಪಲ್ಲೆಯವನ ಕಲ್ಲು ಹೋಗಿತ್ತು. ಬೀಗ ಕಪಾಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು.

ಭಾವನಾಬೆನ್ ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಬಿಸಿನೀರು ತೋಡುತ್ತಿದ್ದಳು. ಪ್ರಜ್ವಲ್ ಮಂಚಕ್ಕೆ ಬಗ್ಗಿ, ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು ಅವ್ವನನ್ನು ಎತ್ತಿದ. ಇಷ್ಟು ತಿಂಗಳಲ್ಲಿ ಅವಳನ್ನು ನಡೆಸಿದ್ದ, ನಿಲ್ಲಿಸಿದ್ದ, ಕೂರಿಸಿದ್ದ. ಹೀಗೆ ಪೂರ್ತಿ ಎತ್ತಿರಲಿಲ್ಲ.

ಅವಳು ಅವನ ಕೊರಳಿಗೆ ಕೈ ಹಾಕಿದಳು. "ಸಿಟ್ಟು ಇಳೀತೇನು?"

"ಇಲ್ಲ."

"ಇರ್ಲಿ ಬಿಡು. ಎಷ್ಟದೀನಿ ನಾ?"

ಪ್ರಜ್ವಲ್ ಅಲ್ಲೇ ನಿಂತ. ಯಂತ್ರ ಬೇಕಾಗಿರಲಿಲ್ಲ. ಒಂದು ಕ್ಷಣ ಅವಳನ್ನು ತೋಳಲ್ಲಿ ಸರಿಯಾಗಿ ಹೊಂದಿಸಿಕೊಂಡ.

"ಮೂವತ್ನಾಕು" ಎಂದ. "ಅದಕ್ಕೂ ಸ್ವಲ್ಪ ಕಡಿಮಿ."

"ಹ್ಞಾ" ಎಂದಳು ಹೇಮಲತಾ.

ಕುರ್ಚಿಯ ಮೇಲೆ ಇಳಿಸಿದ. ಭಾವನಾಬೆನ್ ನೈಟಿಯನ್ನು ಒಂದು ಬದಿಗೆ ಸರಿಸಿದಾಗ ಮುಖ ತಿರುಗಿಸಬೇಕೆಂದುಕೊಂಡವನು ತಿರುಗಿಸಲಿಲ್ಲ. ಸೊಂಟದ ಎಲುಬಿನ ಮೇಲೆ ಅಂಗೈಯಗಲದ ಕರಿನೀಲಿ ಕಲೆ. ಅದರ ನಡುವೆ ಬೀಗದ ಕೊಂಡಿಯ ಬಾಗು ಅಚ್ಚೊತ್ತಿದಂತೆ ಮೂಡಿತ್ತು.

ಅವ್ವ ಅವನು ನೋಡುತ್ತಿರುವುದನ್ನು ನೋಡಿದಳು.

"ಕಲ್ಲು ಏನೂ ಅನಸ್ತಿದ್ದಿಲ್ಲೋ" ಎಂದಳು. "ಬೀಗ ಭಾಳ ಚುಚ್ಚತಿತ್ತು."

ಪ್ರಜ್ವಲ್ ಭಾವನಾಬೆನ್ ಕೈಯಿಂದ ತಂಬಿಗೆ ತೆಗೆದುಕೊಂಡ. ಮೊದಲು ತನ್ನ ಕೈಮೇಲೆ ಸುರಿದು ಬಿಸಿ ನೋಡಿದ.